ನೀಲಿ ನೀರು ಹಳ್ಳಕ್ಕೆ ಹರಿದದ್ದು

ಕಟ್ಟಡದ ಕೆಲಸಕ್ಕೆ ಹೊಸದಾಗಿ ಬರುವ ಹುಡುಗಿಯರು ಮೊದಲು ಬುಟ್ಟಿಯ ಭಾರದ ಬಗ್ಗೆ ಕೇಳುತ್ತಾರೆ. ಭಾರ ಎಂಟು ದಿನದಲ್ಲಿ ರೂಢಿಯಾಗುತ್ತದೆ. ತಲೆಯ ಮೇಲೆ ಬಟ್ಟೆಯ ಸಿಂಬಿ ಸರಿಯಾಗಿ ಸುತ್ತಿಕೊಳ್ಳಿ, ಕತ್ತು ನೆಟ್ಟಗಿರಲಿ, ಬುಟ್ಟಿ ಹೊತ್ತು ತಿರುಗುವಾಗ ಕಾಲಿನಿಂದ ತಿರುಗಿ, ಸೊಂಟದಿಂದಲ್ಲ. ಇಷ್ಟೇ. ಇದನ್ನು ನನಗೆ ಯಾರೂ ಹೇಳಲಿಲ್ಲ, ಅದಕ್ಕೇ ಮೊದಲಿಗೆ ಬರೆದಿದ್ದೇನೆ.

ನಾನು ಕಲಿತದ್ದು ಮೂರನೇ ಇಯತ್ತೆ. ಮೊಮ್ಮಗಳು ಕಾಗುಣಿತ ತಿದ್ದಿದ್ದಾಳೆ. ಮಾತು ತಿದ್ದಲು ನಾನು ಬಿಟ್ಟಿಲ್ಲ.

ನಾವು ನವಲಗುಂದ ಕಡೆಯವರು. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಆಯಿತು, ಕೈತುಂಬ ಕೆಲಸ ಐತಿ ಎಂದು ಕೇಳಿ ಗಂಡನ ಸಂಗಡ ಬಂದೆ. ಅವರು ಬಿದಿರಿನ ಲಾರಿ ಇಳಿಸುವ ಕೆಲಸಕ್ಕೆ ಹೋದರು, ನಾನು ಕಟ್ಟಡಕ್ಕೆ ಹೋದೆ. ಇರಲು ಗುರಪ್ಪ ಸಾವಕಾರರ ಚಾಳಿನಲ್ಲಿ ಒಂದು ಕೋಣೆ ಸಿಕ್ಕಿತು. ಸಾವಕಾರರದು ಕಟ್ಟಿಗೆ ಡಿಪೋ, ಹಳೇ ಪೇಟೆಯ ಕಮಿಟಿಗೆ ಅವರೇ ಮುಖ್ಯಸ್ಥರು. ಚಾಳಿನ ಗೋಡೆ ಬಿದಿರಿನ ತಟ್ಟಿಯದು. ನೆಲ ಹಸಿ ಮಣ್ಣು. ನಮ್ಮ ಕಡೆ ವರ್ಷದಲ್ಲಿ ಬೀಳುವ ಮಳೆ ಅಲ್ಲಿ ವಾರದಲ್ಲಿ ಬೀಳುತ್ತಿತ್ತು, ಒಲೆಯೊಳಗೇ ನೀರು ಒಸರುತ್ತಿತ್ತು. ಹಗಲು ಬೇರೆಯವರಿಗೆ ಗಚ್ಚಿನ ನೆಲ ಮಾಡಿಕೊಟ್ಟು, ಸಂಜೆ ಬಂದು ಕೆಸರಿನಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದೆವು.

ಗಚ್ಚಿನ ನೆಲ ಎಂದರೆ ಈಗಿನವರಿಗೆ ಗೊತ್ತಿಲ್ಲ. ಆಗ ಸಿಮೆಂಟು ದೊಡ್ಡ ಕಟ್ಟಡಗಳಿಗೆ ಮಾತ್ರ. ಉಳಿದದ್ದಕ್ಕೆಲ್ಲ ಸುಣ್ಣ. ಸುಣ್ಣ ಮತ್ತು ಮರಳನ್ನು ಎತ್ತಿನ ಗಾಣದಲ್ಲಿ ಅರೆದು, ಒಡೆದ ಇಟ್ಟಿಗೆಯ ಚೂರು ಕೂಡಿಸಿ ನೆಲಕ್ಕೆ ಹಾಕುವುದು. ಆಮೇಲೆ ಹೆಂಗಸರು ಎರಡು ಸಾಲಾಗಿ ಎದುರುಬದುರು ಕುಕ್ಕರುಗಾಲಲ್ಲಿ ಕೂತು ಮರದ ಬಡಿಗೆಯಿಂದ ಬಡಿಯುವುದು. ಒಂದು ದಿನವಲ್ಲ, ಮೂರು ನಾಲ್ಕು ದಿನ. ಬಡಿಗೆ ನೆಲಕ್ಕೆ ತಾಗಿದಾಗ ಮೊದಲು ಮೆತ್ತಗೆ ಸದ್ದು ಬರುತ್ತದೆ, ಕೊನೆಗೆ ಕಲ್ಲಿನ ಸದ್ದು. ಆ ಸದ್ದು ಕೇಳುವತನಕ ಏಳುವಂತಿಲ್ಲ. ಕೈ ಒಂದೇ ಹದದಲ್ಲಿ ನಡೆಯಲಿ ಎಂದು ಹಾಡು ಹೇಳುತ್ತಿದ್ದೆವು. ದೇವರ ಹಾಡು ಬೆಳಿಗ್ಗೆ ಮಾತ್ರ. ಮಧ್ಯಾಹ್ನದ ಮೇಲೆ ಓವರ್ಸಿಯರರ ಛತ್ರಿ, ಗೋಡೆ ಕಟ್ಟುವ ಗವಂಡಿಯ ಹೊಟ್ಟೆ, ಎಲ್ಲ ಹಾಡಿನಲ್ಲಿ ಬರುತ್ತಿದ್ದವು. ಈ ಕೆಲಸದಲ್ಲಿ ನನ್ನೊಂದಿಗೆ ಯಾವಾಗಲೂ ಇದ್ದವಳು ಯಲ್ಲವ್ವ. ಅವಳ ಬಾಯಿಗೆ ಹೆದರದವರನ್ನು ನಾನು ಕಂಡಿಲ್ಲ.

ತಪ್ಪುಗಳನ್ನೂ ಬರೆಯುತ್ತೇನೆ. ಸುಣ್ಣದ ಹರಳನ್ನು ನೀರಿನಲ್ಲಿ ಪೂರ್ತಿ ಅರಳಿಸಬೇಕು, ದಿನಗಟ್ಟಲೆ ನೆನೆಯಬೇಕು. ಒಂದು ಸಲ ಅವಸರ ಮಾಡಿದೆ. ಹಳಿಯಾಳದ ಒಂದು ಶಾಲೆಯ ಗೋಡೆಗೆ ಬಳಿದ ಗಿಲಾಯಿ ನೋಡಲು ಚೆಂದಾಗಿತ್ತು. ಹದಿನೈದು ದಿನಕ್ಕೆ ಅರಳದೆ ಉಳಿದ ಹರಳು ಒಳಗೇ ಉಬ್ಬಿ ಒಂದೊಂದಾಗಿ ಸಿಡಿದವು. ಗೋಡೆ ಸಿಡುಬಿನ ಮುಖ ಆಯಿತು. ನಮ್ಮ ಗವಂಡಿ ಇಮಾಮಸಾಬ ಒಂದು ಮಾತೂ ಬೈಯಲಿಲ್ಲ. ಉಳಿ ಸುತ್ತಿಗೆ ನನ್ನ ಕೈಗೆ ಕೊಟ್ಟು, "ನೀನ ಕಿತ್ತ ತಗಿ ತಂಗಿ. ಒಂದೊಂದ ಹರಳ ಎಣಸಿಕೋತ ತಗಿ" ಎಂದರು. ಎಣಿಸಲಿಲ್ಲ, ಆದರೆ ಮತ್ತೆ ಅವಸರ ಮಾಡಲಿಲ್ಲ.

ಓವರ್ಸಿಯರ್ ಪೈ ಅವರು ಕಡಲ ಕಡೆಯವರು, ಸಣ್ಣ ಆಳು. ಛತ್ರಿ ಇಲ್ಲದೆ ಅವರನ್ನು ನೋಡಿದವರಿಲ್ಲ. ಮೊದಲ ವಾರ ಹಾಜರಿ ಪುಸ್ತಕಕ್ಕೆ ನಾನು ಹೆಬ್ಬೆಟ್ಟು ಒತ್ತಲು ಹೋದೆ. ಅವರು ಕೈ ಹಿಡಿದು ನಿಲ್ಲಿಸಿದರು.

"ಮೂರನೇ ಕ್ಲಾಸು ಓದಿದ್ದೇನೆ ಅಂತ ನಿನ್ನೆ ಯಾರ ಹತ್ತಿರ ಜಂಬ ಕೊಚ್ತಾ ಇದ್ದೆ ನೀನು?"

"ಸಣ್ಣಕಿ ಇದ್ದಾಗಿನ ಮಾತ್ರಿ ಅದು."

"ಬರಿ. ಸೊಟ್ಟ ಆದ್ರೂ ಅಡ್ಡಿಲ್ಲ."

ಅವತ್ತಿನಿಂದ ಗಂಗವ್ವ ಎಂದು ಬರೆದೆ. ಹೆಂಗಸರ ಗುಂಪಿಗೆ ನನ್ನನ್ನೇ ಮುಂದಾಳು ಮಾಡಿದರು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಂದಾಳು ಆದರೂ ಬುಟ್ಟಿ ತಪ್ಪಲಿಲ್ಲ.

ಈಗ ಕೂಲಿಕಾರರ ಮನೆಗಳ ವಿಷಯ. ಸರ್ಕಾರದ ಸ್ಕೀಮಿನಲ್ಲಿ ನಮ್ಮಂಥವರಿಗೆ ಕಡಿಮೆ ಬಾಡಿಗೆಯ ಮನೆ ಕಟ್ಟುವುದೆಂದು ಆಯಿತು. ಜಾಗ ಹಳೇ ಪೇಟೆಗೆ ತಾಗಿದ ದಿಬ್ಬ. ದಿಬ್ಬದ ಒಂದು ಕಡೆ ಕೆಳಗೆ ಪೇಟೆಯ ಬಾವಿ, ಇನ್ನೊಂದು ಕಡೆ ಕೆಳಗೆ ಕಾಳಿ ಹೊಳೆಗೆ ಸೇರುವ ಹಳ್ಳ. ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಒಂದು ಕಟ್ಟೆ. ಹೆಸರು ಕೊಟ್ಟವರ ಪಟ್ಟಿಯಲ್ಲಿ ನಾನೂ ಇದ್ದೆ, ಯಲ್ಲವ್ವನೂ ಇದ್ದಳು. ನಮ್ಮ ಮನೆಯನ್ನು ನಾವೇ ಕಟ್ಟುವ ಕೆಲಸ ಅದೊಂದೇ ಸಲ ಸಿಕ್ಕದ್ದು.

ಪಾಯ ತೋಡಲು ಸುಣ್ಣದ ಗೆರೆ ಹಾಕಿ ಗೂಟ ಹೊಡೆದಿದ್ದೆವು. ಮರುದಿನ ಬೆಳಿಗ್ಗೆ ಹೋದರೆ ಒಂದೊಂದು ಗೂಟಕ್ಕೂ ಒಂದೊಂದು ಎಮ್ಮೆ. ಪೇಟೆಯವರು ನಾಲ್ಕು ಜನ ಪಕ್ಕದ ಕಲ್ಲಿನ ಮೇಲೆ ಕೂತು, ಇದು ತಾತನ ಕಾಲದಿಂದ ದನ ನಿಲ್ಲುವ ಜಾಗ ಎಂದರು. ಪೈ ಅವರು ಛತ್ರಿ ಮಡಚಿದರು, ಬಿಚ್ಚಿದರು. ಯಲ್ಲವ್ವ ಊಟದ ಡಬ್ಬಿ ಬರಿದು ಮಾಡಿಕೊಂಡು ಒಂದು ಎಮ್ಮೆಯ ಕೆಳಗೆ ಕೂತು ಕರೆಯತೊಡಗಿದಳು.

"ಏ, ಏ, ಏನ ಮಾಡಾಕತ್ತಿ?"

"ಹಾಲ ಕರಿಯಾಕತ್ತೇನ್ರೀ ಅಣ್ಣಾರ. ಸರ್ಕಾರದ ಗೂಟಕ್ಕ ಕಟ್ಟಿದ ಎಮ್ಮಿ, ಸರ್ಕಾರದ ಹಾಲು. ನಾಳಿನೂ ಕಟ್ರಿ. ಚಾ ಮಾಡೂಣು."

ಮರುದಿನ ಎಮ್ಮೆ ಇರಲಿಲ್ಲ.

ಎಮ್ಮೆಯಲ್ಲಿ ಮುಗಿಯಲಿಲ್ಲ. ಕಮಿಟಿಯವರು ಕಾರವಾರಕ್ಕೆ ಅರ್ಜಿ ಬರೆದರು: ದಿಬ್ಬದ ಮೇಲೆ ಇಷ್ಟು ಮನೆ, ಇಷ್ಟು ಪಾಯಖಾನೆ ಆದರೆ ಹೊಲಸು ನೀರು ಕೆಳಗಿನ ಬಾವಿಗೆ ಇಳಿಯುತ್ತದೆ, ಪೇಟೆಗೆ ರೋಗ ಬರುತ್ತದೆ. ಈ ಮಾತನ್ನು ನಾನು ಹಗುರವಾಗಿ ತಗೊಳ್ಳಲಿಲ್ಲ. ಬಾವಿಯ ನೀರು ಸೇದುವ ಹೆಂಗಸರಿಗೆ ಆ ಹೆದರಿಕೆ ನಿಜವಾಗಿಯೂ ಇತ್ತು. ಗುರಪ್ಪ ಸಾವಕಾರರಿಗೆ ಇದ್ದ ಹೆದರಿಕೆ ಬೇರೆ. ಅದನ್ನು ಅವರೇ ಒಂದು ದಿನ ಡಿಪೋದ ಮುಂದೆ ನನ್ನನ್ನು ಕರೆದು ಹೇಳಿದರು. ಬಿಚ್ಚು ಮಾತಿನ ಮನುಷ್ಯ, ಆ ಗುಣ ಒಪ್ಪಬೇಕು.

"ಗಂಗವ್ವಾ, ಮನಿ ಬಂದ್ರ ಮನಿಗೆ ನಂಬರ ಬರತೈತಿ. ನಂಬರ ಬಂದ್ರ ಓಟಿನ ಪಟ್ಟಿಗೆ ಹೆಸರ ಬರತಾವ. ನೀವು ಧಾರವಾಡ ಕಡೆಯವರು, ಬೆಳಗಾವಿ ಕಡೆಯವರು, ಎಲ್ಲಾ ಒಂದ ಲೈನಿನಾಗ ಕುಂತ್ರ ಪೇಟಿ ಮಂದಿ ಮಾತು ಯಾರ ಕೇಳತಾರ?"

"ಹಂಗಾದ್ರ ಬಾವಿ ಮಾತು?"

"ಬಾವಿ ಮಾತು ಅರ್ಜಿಗೆ. ನೀ ಶಾಣ್ಯಾಕಿ ಇದ್ದಿ. ನಿನ್ನ ಮಂದಿನ್ನ ಕರಕೊಂಡ ನನ್ನ ಡಿಪೋ ಶೆಡ್ಡಿಗೆ ಬಾ. ಮಳಿಗಾಲ ತನಕಾ ಕೆಲಸ ಐತಿ."

"ನಾ ಹೆಸರು ಕೊಟ್ಟೇನ್ರಿ ಸಾವಕಾರ್ರ, ಮನಿಗೆ."

"ಕೊಟ್ಟಿದ್ರ ಕೊಟ್ಟಿ. ಈಗ ಇರೂದು ನನ್ನ ಚಾಳಿನಾಗ, ಅದು ನೆನಪಿರಲಿ."

ನೆನಪಿತ್ತು.

ಅರ್ಜಿ ನೋಡಲು ಕಾರವಾರದಿಂದ ಒಬ್ಬ ಸಾಹೇಬರು ಬಂದರು. ಇತ್ತ ಪೈ, ಇಮಾಮಸಾಬ ಮತ್ತು ನಾವು ನಿಂತೆವು, ಅತ್ತ ಸಾವಕಾರರು ಮತ್ತು ಪೇಟೆಯವರು. ಪಾಯ ತೋಡುವುದು ಆಗ ಅರ್ಧ ಮುಗಿದಿತ್ತು. ಪೈ ಅವರು ನಕಾಶೆ ಬಿಚ್ಚಿ, ಈ ಜಾಗದ ಇಳಿಜಾರು ಹಳ್ಳದ ಕಡೆಗಿದೆ, ಬಾವಿಯ ಕಡೆಗಲ್ಲ ಎಂದು ತೋರಿಸಿದರು. ಸಾವಕಾರರು ನಕಾಶೆಯ ಕಡೆ ತಿರುಗಿಯೂ ನೋಡಲಿಲ್ಲ. "ಕಾಗದ ಬ್ಯಾಡ್ರಿ. ಎರಡ ಕೊಡ ನೀರ ಸುರುವಿ ನೋಡ್ರಿ" ಎಂದರು.

ನಾನು ಮುಂದೆ ಹೋದೆ. ಇಷ್ಟು ವರ್ಷ ನೆಲ ಮಾಡಿದವಳು ನಾನು, ಕಾಲಿಟ್ಟರೆ ಇಳಿಜಾರು ತಿಳಿಯುತ್ತದೆ ಎಂಬ ಸೊಕ್ಕು ಇತ್ತು. "ನಾ ಸುರುವತೇನ್ರಿ" ಎಂದು ಎರಡು ಕೊಡ ನೀರು ಸುರುವಿದೆ. ನೀರು ಹಳ್ಳದ ಕಡೆಗೆ ಹೋಯಿತು, ಹತ್ತು ಮಾರು ಹೋಗಿ ನಿಂತಿತು, ಪಕ್ಕಕ್ಕೆ ತಿರುಗಿತು. ಪಾಯದ ಗುಂಡಿಯ ಅಂಚು ಹಿಡಿದು ಸುತ್ತಿಕೊಂಡು ಬಂದು ಬಾವಿಯ ಕಡೆಗೆ ಇಳಿಯಿತು.

ಸಾವಕಾರರು ಮೀಸೆ ಸವರಿಕೊಂಡರು. "ನಾ ಏನೂ ಹೇಳಲಿಲ್ರಿ ಸಾಹೇಬ್ರ. ನೀರ ಹೇಳ್ತು."

ಸಾಹೇಬರು ಕೆಲಸ ನಿಲ್ಲಿಸಲು ಬರೆದುಕೊಟ್ಟರು. ಎಂಟು ದಿನಕ್ಕೆ ಮತ್ತೆ ಬರುತ್ತೇನೆ, ಆಗಲೂ ಹೀಗೇ ಇದ್ದರೆ ಸ್ಕೀಮು ಬೇರೆ ತಾಲೂಕಿಗೆ ಹೋಗುತ್ತದೆ ಎಂದರು. ಜೀಪು ಹೋಯಿತು.

ನೀರು ಯಾಕೆ ತಿರುಗಿತು ಎಂಬುದು ನನಗೆ ಸುರುವಿದ ಗಳಿಗೆಯಲ್ಲೇ ಗೊತ್ತಾಗಿತ್ತು. ಪಾಯದಿಂದ ತೆಗೆದ ಮಣ್ಣನ್ನು ಹಳ್ಳದಾಚೆಯ ತಗ್ಗಿಗೆ ಹಾಕಿರಿ ಎಂದು ಪೈ ಹೇಳಿದ್ದರು. ನಾವು ಹಾಕಿದ್ದು ದಿಬ್ಬದ ಹಳ್ಳದ ಕಡೆಯ ಅಂಚಿನಲ್ಲಿ. ಮೈಗಳ್ಳತನವಲ್ಲ. ನಾವೆಲ್ಲ ಎರೆಭೂಮಿಯ ಹೆಂಗಸರು. ಹೊಲದಲ್ಲಿ ಮಣ್ಣು ಸಿಕ್ಕರೆ ತಗ್ಗಿನ ಅಂಚಿಗೆ ಹಾಕಿ ಒಡ್ಡು ಕಟ್ಟುತ್ತೇವೆ, ಬಿದ್ದ ಒಂದು ಹನಿಯೂ ಹೊಲ ದಾಟಬಾರದು. ಕೈಗೆ ಅದೇ ರೂಢಿ. ಯಾರೂ ಹೇಳದೆಯೇ ಎಲ್ಲರೂ ಅಲ್ಲೇ ಸುರಿದರು. ನಾನು ಅದನ್ನು ನೋಡಿ ಬೇಡ ಎನ್ನುವುದು ಬಿಟ್ಟು, ಚೆಂದ ಕಾಣಲಿ ಎಂದು ಬಡಿಗೆಯಿಂದ ಬಡಿಸಿ ಗಟ್ಟಿ ಮಾಡಿಸಿದ್ದೆ. ನೀರು ಬೇಕೆನ್ನುವ ಊರಿನ ಬುದ್ಧಿಯನ್ನು ನೀರು ಸಾಕೆನ್ನುವ ಊರಿಗೆ ತಂದು, ನಮ್ಮ ಮನೆಗೆ ನಾವೇ ಅಡ್ಡ ಒಡ್ಡು ಹಾಕಿದ್ದೆವು.

ಪೈ ಅವರಿಗೆ ಹೇಳಿದೆ. "ತಪ್ಪು ನಂದ್ರಿ ಸಾಹೇಬ್ರ. ಒಡ್ಡು ನಾನ ಹಾಕಿಸೇನಿ."

ಅವರು ಒಡ್ಡಿನ ತನಕ ನಡೆದು ಛತ್ರಿಯ ತುದಿಯಿಂದ ಚುಚ್ಚಿ ನೋಡಿದರು. "ನನ್ನದೂ ಹೌದು. ಛತ್ರಿ ಕೆಳಗೆ ನಿಂತು ನೋಡಿದವ ನಾನೇ ಅಲ್ವಾ? ಈಗ ಮಣ್ಣು ತೆಗೆಯಬೇಕು. ಆದ್ರೆ ಕೆಲಸ ನಿಂತಿದೆ ಗಂಗವ್ವಾ, ಹಾಜರಿ ಹಾಕಲು ಬರೋದಿಲ್ಲ."

ಹೆಂಗಸರನ್ನು ಕೂಡಿಸಿ ಇದ್ದದ್ದು ಇದ್ದಂತೆ ಹೇಳಿದೆ. ಕೂಲಿ ಇಲ್ಲ, ಮಣ್ಣು ಹೊರಬೇಕು, ತಪ್ಪು ನನ್ನದು.

"ತಪ್ಪು ನಿಂದು, ಕುತ್ತಿಗಿ ನಮ್ದೇನವಾ?" ಎಂದಳು ಯಲ್ಲವ್ವ.

"ಹೌದು."

"ಹಂಗ ಹೇಳು. ಬೆಣ್ಣಿ ಹಚ್ಚಿ ಹೇಳಿದ್ರ ಎದ್ದ ಹೋಗತಿದ್ನಿ."

ಮನೆಯ ಪಟ್ಟಿಯಲ್ಲಿ ಹೆಸರಿಲ್ಲದವರು ಸಾವಕಾರರ ಶೆಡ್ಡಿಗೆ ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ಒಲೆ ಉರಿಯಬೇಕಲ್ಲ. ಆರು ಜನ ಉಳಿದೆವು. ಗಟ್ಟಿಯಾಗಿ ಬಡಿಸಿದ್ದೆನಲ್ಲ, ಸಲಿಕೆ ಇಳಿಯುತ್ತಿರಲಿಲ್ಲ. ಇಮಾಮಸಾಬ ಹಾರೆ ತಂದು, "ಗವಂಡಿಗೆ ಕೆಲಸ ಇಲ್ಲ, ಕೈ ತುರಸತಾವ" ಎಂದು ಅಗೆಯಲು ನಿಂತರು. ಎರಡನೇ ದಿನ ಪೈ ಅವರೂ ಒಂದು ಬುಟ್ಟಿ ಎತ್ತಿದರು. ಛತ್ರಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಎತ್ತಿದರು. ನಗು ಬಂತು, ತಡೆದುಕೊಂಡೆವು. ಆರು ದಿನಕ್ಕೆ ಅಂಚು ಬರಿದಾಯಿತು.

ಇಷ್ಟು ಸಾಲದು ಎಂದು ನನಗೆ ತಿಳಿದಿತ್ತು. ಏಳನೇ ದಿನ ಬೆಳಿಗ್ಗೆ ನಾನು ಪೇಟೆಯ ಬಾವಿಗೆ ಹೋದೆ. ನೀರು ಸೇದುತ್ತಿದ್ದವರು ಹಗ್ಗ ಹಿಡಿದು ನಿಂತರು. ಅವರಲ್ಲಿ ಸಾವಕಾರರ ತಾಯಿ ಶಾಂತವ್ವನವರೂ ಇದ್ದರು. ವಯಸ್ಸಾಗಿತ್ತು, ಆದರೂ ಪೂಜೆಯ ನೀರನ್ನು ಬೇರೆಯವರ ಕೈಯಿಂದ ತರಿಸುತ್ತಿರಲಿಲ್ಲ.

"ಅಮ್ಮಾರ, ನಾಳೆ ಸಾಹೇಬ್ರು ಬರತಾರ. ನೀರ ಸುರುವತೇವಿ. ಗಂಡಸರನ್ನಷ್ಟ ಕಳಸಬ್ಯಾಡ್ರಿ, ನೀವೂ ಬರ್ರಿ. ನೀರ ಸೇದೂವರು ನೀವು."

"ಮ್ಯಾಲಿನ ನೀರ ಕಣ್ಣಿಗೆ ಕಾಣತೈತಿ," ಎಂದರು ಶಾಂತವ್ವ. "ಭೂಮಿ ಒಳಗ ಇಳಿದದ್ದು ಹೆಂಗ ಕಾಣಬೇಕು? ನಾಕ ದಿನದ ಮ್ಯಾಲ ಬಾವಿಗೆ ಬಂದ್ರ?"

ಮಾತು ಸರಿಯಾಗಿತ್ತು. ನಕಾಶೆ ನೋಡಿದ ಒಬ್ಬ ಗಂಡಸೂ ಅದನ್ನು ಕೇಳಿರಲಿಲ್ಲ. ನಾನು ಅಲ್ಲೇ ನಿಂತು ಯೋಚಿಸಿದೆ. ಅವರ ಕೊಡದ ಬಾಯಿಗೆ ನೀರು ಸೋಸುವ ಬಿಳಿ ಬಟ್ಟೆ ಕಟ್ಟಿತ್ತು. ನಮ್ಮ ಸಾಮಾನಿನ ಶೆಡ್ಡಿನಲ್ಲಿ ಒಗೆದ ಬಟ್ಟೆಗೂ ಸುಣ್ಣಕ್ಕೂ ಹಾಕುವ ನೀಲಿ ಪುಡಿ ಇತ್ತು. ಗೋಡೆಗೆ ಬಳಿಯುವ ಸುಣ್ಣಕ್ಕೆ ಚಿಟಿಕೆ ನೀಲಿ ಹಾಕಿದರೆ ಬಿಳುಪು ಹೆಚ್ಚುತ್ತದೆ, ಕೈಗೆ ಹತ್ತಿದರೆ ವಾರ ಬಿಡುವುದಿಲ್ಲ.

"ನೀಲಿ ಕಲಿಸಿ ಸುರುವತೇನ್ರಿ ಅಮ್ಮಾರ. ನಾಕ ದಿನ ನೀವು ಇದ ಬಟ್ಟಿಯಿಂದ ನೀರ ಸೋಸರಿ. ಬಟ್ಟಿಗೆ ನೀಲಿ ಹತ್ತಿದ್ರ ನಾವು ಗಂಟ ಕಟ್ಟಿಕೊಂಡ ಹೋಗತೇವಿ."

"ನಾಕ ಅಲ್ಲ. ಐದು," ಎಂದರು ಶಾಂತವ್ವ.

ಮರುದಿನ ಸಾಹೇಬರು ಬಂದರು. ಪೇಟೆಯ ಹೆಂಗಸರು ಕೊಡ ಸಮೇತ ಬಂದು ಸಾಲಾಗಿ ನಿಂತದ್ದು ನೋಡಿ ಸಾವಕಾರರಿಗೆ ಏನೂ ತಿಳಿಯಲಿಲ್ಲ. ಪಾಯಖಾನೆ ಬರುವ ಜಾಗ ಯಾವುದು ಎಂದು ಪೈ ತೋರಿಸಿದರು, ನಾನು ಅಲ್ಲೇ ನಿಂತೆ. ಈ ಸಲ ಸೊಕ್ಕು ಇರಲಿಲ್ಲ. ನಾವು ಆರು ಜನ ಒಬ್ಬರ ಹಿಂದೆ ಒಬ್ಬರು ನೀಲಿ ನೀರು ಸುರುವಿದೆವು. ನೀರು ಅಂಚಿಗೆ ಹೋಯಿತು. ಅಲ್ಲಿ ಒಂದು ಗಳಿಗೆ ತಡೆದಂತೆ ಕಂಡಿತು. ಆಮೇಲೆ ಅಂಚು ದಾಟಿ ಒಂದೇ ಗೆರೆಯಾಗಿ ಇಳಿದು ಹಳ್ಳಕ್ಕೆ ಸೇರಿತು. ಹಳ್ಳದ ನೀರು ಅಷ್ಟುದ್ದ ನೀಲಿಯಾಯಿತು.

"ಹೊಳಿ ಮೀನಿಗೆಲ್ಲಾ ಇವತ್ತ ತೊಳದ ಅಂಗಿ," ಎಂದಳು ಯಲ್ಲವ್ವ. ಪೇಟೆಯ ಹೆಂಗಸರೇ ಮೊದಲು ನಕ್ಕರು.

ಸಾವಕಾರರು, ಮೇಲಿನದು ಹರಿಯಿತು, ಒಳಗಿನದು ಯಾರಿಗೆ ಗೊತ್ತು ಎಂದರು. ಸಾಹೇಬರು ಹೆಂಗಸರ ಕಡೆ ತಿರುಗಿ ಕೇಳಿದರು. ಐದು ದಿನ ಬಟ್ಟೆ ನೋಡುತ್ತೇವೆ ಎಂದು ಶಾಂತವ್ವ ಹೇಳಿದರು. ಸಾಹೇಬರು ಒಪ್ಪಿದರು, ಆರನೇ ದಿನ ನಿಮ್ಮಿಂದಲೇ ಕೇಳುತ್ತೇನೆ, ಕಮಿಟಿಯಿಂದಲ್ಲ ಎಂದರು.

ಆ ಐದು ದಿನ ಕಳೆದದ್ದು ಹೇಗೆಂದು ಕೇಳಬೇಡಿ. ಎರಡನೇ ದಿನ ಸಾವಕಾರರ ಆಳು ಬಂದು ಚಾಳಿನ ಕೋಣೆ ಖಾಲಿ ಮಾಡಿ ಎಂದ. ನನ್ನ ಗಂಡ ಪಾತ್ರೆ ಹೊರಗಿಟ್ಟರು, ಇಮಾಮಸಾಬ ತಮ್ಮ ಹಿತ್ತಲಿನಲ್ಲಿ ತಟ್ಟಿ ಕಟ್ಟಿಕೊಟ್ಟರು. ಮನೆ ಬರದಿದ್ದರೆ ನಾವು ನವಲಗುಂದಕ್ಕೆ ತಿರುಗಿ ಹೋಗುವುದೇ ಇತ್ತು.

ಆರನೇ ದಿನ ಸಾಹೇಬರು ಬಂದು ದಿಬ್ಬದ ಮೇಲೆ ಮೇಜು ಹಾಕಿಸಿ ಕೂತರು. ಶಾಂತವ್ವ ಐದು ದಿನ ಸೋಸಿದ ಆ ಬಟ್ಟೆಯನ್ನು ತಾವೇ ತಂದು ಅದರ ಮೇಲೆ ಹರಡಿದರು. ಬೆಳ್ಳಗಿತ್ತು. ಸಾಹೇಬರು ಬಿಸಿಲಿಗೆ ಹಿಡಿದು ನೋಡಿದರು.

ಸಾವಕಾರರು, "ಅವ್ವಾ, ನೀ ಯಾಕ ಇದರಾಗ ಬಂದಿ" ಎಂದರು.

"ಬಾವಿ ಚಿಂತಿ ನಂದು. ಅದು ಮುಗೀತು. ನಿಂದು ಬ್ಯಾರೆ ಚಿಂತಿ ಐತಿ, ಅದನ್ನ ನೀ ನೋಡಿಕೋ." ಆಮೇಲೆ ಪೈ ಅವರತ್ತ ತಿರುಗಿ, "ಆದ್ರೂ ಪಾಯಖಾನಿ ಹಳ್ಳದ ಕಡೆ ಇನ್ನಾ ಕೆಳಗ ಸರಸ್ರಿ" ಎಂದರು. ಪೈ ಅಲ್ಲೇ ನಕಾಶೆಯ ಮೇಲೆ ಪೆನ್ಸಿಲಿನಿಂದ ಸರಿಸಿದರು. ಆ ಮಾತು ಒಳ್ಳೆಯದೇ ಆಯಿತು, ಎಷ್ಟು ಮಳೆಗಾಲ ಬಂದರೂ ಬಾವಿ ಕೆಡಲಿಲ್ಲ. ಹೊಸ ಹುಡುಗಿಯರು ಇದನ್ನು ಕೇಳಿಸಿಕೊಳ್ಳಿ: ಕಟ್ಟುವವರು ವಿರೋಧ ಮಾಡುವವರನ್ನೆಲ್ಲ ಒಂದೇ ಗಂಟು ಕಟ್ಟಬಾರದು. ಒಬ್ಬರು ತಮ್ಮ ಕುರ್ಚಿಗೆ ಹೆದರುತ್ತಾರೆ, ಇನ್ನೊಬ್ಬರು ಕುಡಿಯುವ ನೀರಿಗೆ. ಎರಡನೆಯವರ ಹತ್ತಿರ ನೀವೇ ಹೋಗಬೇಕು.

ಸಾಹೇಬರು ಅಪ್ಪಣೆ ಬರೆದುಕೊಟ್ಟರು, ಕೆಲಸ ಮತ್ತೆ ಶುರುವಾಯಿತು. ಡಿಪೋಗೆ ಹೋದವರೂ ತಿರುಗಿ ಬಂದರು, ಬಡಿಗೆ ಕೊಟ್ಟೆ. ಮಳೆಗೆ ಮುಂಚೆ ಹಂಚು ಏರಿಸಿದೆವು. ಆ ಲೈನಿನ ನೆಲವನ್ನು ಬಡಿದಷ್ಟು ಹಟದಿಂದ ನಾನು ಬೇರೆ ನೆಲ ಬಡಿದಿಲ್ಲ. ನಾಲ್ಕನೇ ಮನೆ ನನ್ನದು, ಐದನೆಯದು ಯಲ್ಲವ್ವನದು.

ಆಮೇಲೆ ಸಿಮೆಂಟು ಬಂತು. ಒಬ್ಬ ಗವಂಡಿ ಒಂದು ದಿನದಲ್ಲಿ ನೆಲ ಮಾಡಿ ಏಳುತ್ತಿದ್ದ, ಹೆಂಗಸರ ಸಾಲು ಬೇಕಿರಲಿಲ್ಲ. ನಾನು ಸಿಮೆಂಟೂ ಕಲಿತೆ. ಮೊದಲ ಸಲ ನೀರು ಹೆಚ್ಚು ಹಾಕಿ ಕೆಡಿಸಿದೆ, ಎರಡನೇ ಸಲ ಕೆಡಿಸಲಿಲ್ಲ. ಮಂಡಿ ಮಡಚಲು ಬರದಂತೆ ಆಗುವತನಕ ಪಾಳಾ, ಮುಂಡಗೋಡ, ಕ್ಯಾಸಲ್‌ರಾಕ್ ಎಲ್ಲ ಕಡೆ ನೆಲ ಮಾಡಿದ್ದೇನೆ.

ಮನೆಗೆ ಬಂದ ಮೇಲಿನ ಮೊದಲ ಚುನಾವಣೆಯಲ್ಲಿ ಗುರಪ್ಪ ಸಾವಕಾರರು ನಮ್ಮ ಲೈನಿಗೆ ಓಟು ಕೇಳಲು ಬಂದರು. ಮೂರು ಮನೆ ಮುಗಿಸಿ ನಮ್ಮ ಬಾಗಿಲಿಗೆ ಬಂದು ನಿಂತರು. ನಾನು ರೊಟ್ಟಿ ಬಡಿಯುತ್ತಿದ್ದೆ, ಏಳಲಿಲ್ಲ.

"ಬರ್ರಿ ಸಾವಕಾರ್ರ. ಕಾಲಾಗಿನ ಮೆಟ್ಟು ಹೊರಗ ಬಿಟ್ಟು ಬರ್ರಿ."

ಬಿಟ್ಟು ಬಂದರು. ಚಾಪೆ ಹಾಕಲೇ ಎಂದು ಕೇಳಿದೆ. ಬೇಡ ಎಂದು ನೆಲದ ಮೇಲೆಯೇ ಕೂತರು. ಓಟಿನ ಮಾತು ತೆಗೆಯಲು ಅವರಿಗೆ ತಡವಾಯಿತು. ಕಟ್ಟಿಗೆಯ ವ್ಯಾಪಾರ ಮಾಡಿದವರು, ಕೆಲಸದ ಗುಣ ತಿಳಿಯುತ್ತದೆ. ಅಂಗೈಯಿಂದ ನೆಲ ಸವರಿ, ಬೆರಳಿನ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿದರು.

"ಎಲ್ಲೂ ಬಿರಕ ಬಿಟ್ಟಿಲ್ಲಲಾ."

"ಬಿಡೂದಿಲ್ರಿ," ಎಂದು ರೊಟ್ಟಿ ತಿರುವಿ ಹಾಕಿದೆ.